ದೊಡ್ಡಮ್ಮ ಬರುವ ಮನೆ

ಫೆಬ್ರವರಿ ೯

ಲಾರಿ ಡ್ರೈವರ್ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ, ನಿಮ್ಮ ಮುಖ ನಾನೂ ನೋಡಿಲ್ಲ. ನಾನೊಬ್ಬ ಟೈಲರ್. ನಿಮ್ಮ ಹೆಂಡತಿ, ಮಗ ಇರುವ ಊರಿನಲ್ಲೇ ನಾನೂ ಇರುವುದು. ಆ ತುದಿ ನಿಮ್ಮದಾದರೆ ಈ ತುದಿ ನಮ್ಮದು. ನಿಮ್ಮ ಲೋಡಿಂಗ್ ಆಫೀಸಿನ ವಿಳಾಸ ಕೊಟ್ಟವರು ನೆರವು ಕೇಂದ್ರದ ಮೇಡಂ.

ಈ ಕೇಂದ್ರದ ಕೆಲಸವೇನೆಂದು ನಿಮ್ಮ ಮನೆಯವರು ಹೇಳಿರಬಹುದು. ನಮ್ಮಂಥ ಮಕ್ಕಳಿರುವ ಮನೆಗಳಿಗೆ ಕುರ್ಚಿ ಕೊಡಿಸುತ್ತಾರೆ, ಕೈಕಾಲಿನ ವ್ಯಾಯಾಮ ಹೇಳಿಕೊಡುವವರನ್ನು ಹುಡುಕಿಕೊಡುತ್ತಾರೆ. ಬೆಳಗಿನ ಹೊತ್ತು ಮನೆಗೇ ಬಂದು ಮಗುವನ್ನು ಎತ್ತಿ, ಇಳಿಸಿ, ಸ್ನಾನ ಮಾಡಿಸಿ ಹೋಗಲು ಒಬ್ಬರಿದ್ದಾರೆ. ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತೇವೆ. ಈ ಕೆಲಸಕ್ಕೆ ಇರುವುದು ಅವರೊಬ್ಬರೇ. ಅದಕ್ಕೇ ಮಗುವನ್ನು ಎತ್ತಲು ಒಂದೇ ಜೊತೆ ಕೈ ಇರುವ ಮನೆಗೆ ಮೊದಲು ಕಳಿಸುತ್ತಾರೆ. ಈಗ ಅವರು ನಿಮ್ಮ ಮನೆಗೆ ಹೋಗುತ್ತಿದ್ದಾರೆ.

ಇನ್ನೊಂದು ಪದ್ಧತಿ ಇದೆ. ಹೊಸದಾಗಿ ಬಂದ ಮನೆಗೆ ಈ ಕಷ್ಟದಲ್ಲಿ ಈಗಾಗಲೇ ಮಿಂದೆದ್ದ ಮನೆಯೊಂದನ್ನು ಜೊತೆ ಹಾಕುತ್ತಾರೆ. ತಾಯಂದಿರು ಶನಿವಾರ ಸೇರುತ್ತಾರೆ, ಅಳುತ್ತಾರೆ, ನಗುತ್ತಾರೆ. ಅಪ್ಪಂದಿರು ಬರುವುದಿಲ್ಲ. ಬಂದರೂ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಾರೆ. ಫೋನ್ ಕೊಟ್ಟು ನೋಡಿದರಂತೆ, "ಹೂಂ, ಸರಿ, ಇಡ್ಲಾ?" ಅನ್ನುವುದರಲ್ಲೇ ಮುಗಿಯಿತಂತೆ. ಅದಕ್ಕೇ ಕಾಗದ. ಒಬ್ಬ ಅಪ್ಪ ಇನ್ನೊಬ್ಬ ಅಪ್ಪನಿಗೆ ಬರೆಯಬೇಕು. ಕರೆಯದೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬಾರದು. ಇಷ್ಟೇ ನಿಯಮ.

ನನ್ನ ಮಗನಿಗೆ ಹತ್ತೊಂಬತ್ತು ತುಂಬಿತು. ನಡೆಯುವುದಿಲ್ಲ, ಮಾತಿಲ್ಲ. ಊರೆಲ್ಲ ದೊರೆ ಅನ್ನುತ್ತದೆ, ಯಾಕೆಂದರೆ ಅವನು ಕೂತಿರುತ್ತಾನೆ, ನಾವೆಲ್ಲ ಸುತ್ತ ನಿಂತಿರುತ್ತೇವೆ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲಿ ಅವನ ಕುರ್ಚಿ. ಗಿರಾಕಿಗಳು ಮೊದಲು ಅವನನ್ನು ಮಾತಾಡಿಸಿ ಆಮೇಲೆ ನನ್ನ ಹತ್ತಿರ ಬರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಬೇಡಿ, ನಿಜವಾಗಿಯೂ ಚೆಂದದ ಹುಡುಗ.

ನಿಮ್ಮ ಮಗ ಗುಬ್ಬಿಗೆ ಐದು ವರ್ಷವಂತೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ಮೇಲೆ ನೀವು ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಂತಿಲ್ಲ ಎಂದು ಮೇಡಂ ಹೇಳಿದರು. ಬುದ್ಧಿ ಹೇಳಲು ನಾನು ಬರೆಯುತ್ತಿಲ್ಲ. ಒಂದು ಸಾಲಾದರೂ ಉತ್ತರ ಬರೆಯಿರಿ.

ಟೈಲರ್


ಮಾರ್ಚ್ ೨

ಟೈಲರ್ ಅವರಿಗೆ,

ನಿಮ್ಮ ಕಾಗದ ಆಫೀಸಿನ ಗೋಡೆಯ ಮೊಳೆಗೆ ಚುಚ್ಚಿಕೊಂಡು ನೇತಾಡುತ್ತಿತ್ತು. ಕ್ಲೀನರುಗಳೆಲ್ಲ ಓದಿದ ಮೇಲೆ ನನ್ನ ಕೈಗೆ ಬಂತು. ಮುಂದೆ ಬರೆಯುವುದಾದರೆ ಲಕೋಟೆಗೆ ಗೋಂದು ಸರಿಯಾಗಿ ಹಚ್ಚಿ.

ನಾನು ಮನೆ ಬಿಟ್ಟು ಓಡಿಹೋದವನಲ್ಲ. ದುಡಿಯುತ್ತೇನೆ, ಕಳಿಸುತ್ತೇನೆ. ಲಾರಿ ಓಡಿಸುವವನು ಮನೆಯಲ್ಲಿ ಕೂತರೆ ಲಾರಿ ತಾನೇ ಓಡುತ್ತದೆಯೇ?

ನಿಮಗೆ ಹೇಳುವುದು ಸುಲಭ. ನಿಮ್ಮ ಮಗ ಅಂಗಡಿಯಲ್ಲಿ ಕೂರುತ್ತಾನೆ, ನಾಲ್ಕು ಜನ ಮಾತಾಡಿಸುತ್ತಾರೆ. ನಮ್ಮವನು ನಾನು ಮುಟ್ಟಿದರೆ ಹಲಗೆ ಹಾಗೆ ಸೆಟೆದುಕೊಂಡು ಕಿರುಚುತ್ತಾನೆ. ಅವನ ತಾಯಿ ಎತ್ತಿದರೆ ಇಲ್ಲ, ಆ ದೊಡ್ಡಮ್ಮ ಎತ್ತಿದರೂ ಇಲ್ಲವಂತೆ. ನನ್ನ ಕೈ ಅವನಿಗೆ ಆಗುವುದಿಲ್ಲ. ಆಗದ ಕೈ ಅಲ್ಲಿದ್ದು ಏನು ಮಾಡಬೇಕು? ಇಲ್ಲಿ ಸ್ಟಿಯರಿಂಗ್ ಆದರೂ ಹಿಡಿಯುತ್ತದೆ.

ಇಷ್ಟೇ. ಒಂದು ಸಾಲು ಕೇಳಿದ್ದಿರಿ, ಜಾಸ್ತಿಯೇ ಆಯಿತು.

ಡ್ರೈವರ್


ಮಾರ್ಚ್ ೧೫

ಡ್ರೈವರ್ ಸಾಹೇಬರಿಗೆ,

ಗೋಂದು ಹಚ್ಚಿ, ಮೇಲಿಂದ ಒಂದು ಹೊಲಿಗೆಯನ್ನೂ ಹಾಕಿದ್ದೇನೆ. ಈಗ ಕ್ಲೀನರುಗಳು ಬಿಚ್ಚಲಿ ನೋಡೋಣ.

ಸೆಟೆದುಕೊಳ್ಳುವುದು ನಿಮ್ಮ ಮೇಲಿನ ಕೋಪಕ್ಕಲ್ಲ. ಯಾರಾದರೂ ತಟ್ಟನೆ ಎತ್ತಿದರೆ ಇಂಥ ಮಕ್ಕಳ ಮೈ ತಾನಾಗಿ ಬಿಲ್ಲಿನಂತೆ ಹಿಂದಕ್ಕೆ ಎಳೆಯುತ್ತದೆ. ಆಗ ನಾವು ಗಾಬರಿಯಾಗಿ ಇನ್ನೂ ಬಿಗಿ ಹಿಡಿಯುತ್ತೇವೆ, ಅವನು ಇನ್ನೂ ಬಿಗಿಯುತ್ತಾನೆ. ಎತ್ತುವ ಮೊದಲು ಪಕ್ಕದಲ್ಲಿ ಕೂತು ಮಾತಾಡಿ. ಏನು ಮಾತು ಅಂತ ಕೇಳಬೇಡಿ, ಲಾರಿಯ ಟೈರಿನ ಕಥೆಯಾದರೂ ಆದೀತು. ಆಮೇಲೆ ಅವನ ಮಂಡಿಗಳನ್ನು ನಿಧಾನವಾಗಿ ಮಡಚಿ, ಎರಡು ತೋಳನ್ನೂ ಎದೆಗೆ ತಂದು, ಮೈ ದುಂಡಗೆ ಮಾಡಿಕೊಳ್ಳಿ. ಸೆಟೆದರೆ ಎಳೆಯಬೇಡಿ, ಕಾಯಿರಿ. ಬಿಗಿ ಇಳಿಯುತ್ತದೆ. ಇಳಿದ ಮೇಲೆ ಎತ್ತಿ. ನನಗೂ ಯಾರೂ ಹುಟ್ಟುತ್ತಲೇ ಕಲಿಸಿರಲಿಲ್ಲ.

ನಮ್ಮ ದೊರೆಯನ್ನು ಇವತ್ತಿಗೂ ನಾನೇ ಎತ್ತುತ್ತೇನೆ. ನಮ್ಮ ಮನೆ ಮಹಡಿ ಮೇಲೆ, ಅಂಗಡಿ ಕೆಳಗೆ. ಬೆಳಗ್ಗೆ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರೆ ಬೀದಿಯವರು "ಬಂತು ಮೆರವಣಿಗೆ" ಅನ್ನುತ್ತಾರೆ. ಕೇಂದ್ರದವರು ಹೊಸ ಅಪ್ಪಂದಿರಿಗೆ ನನ್ನನ್ನು ತೋರಿಸುತ್ತಾರೆ. ನನಗೂ ಸ್ವಲ್ಪ ಕೋಡು ಮೂಡಿದೆ ಅನ್ನಿ.

ಇದರ ಜೊತೆ ಗುಬ್ಬಿಗೆ ಒಂದು ಅಂಗಿ ಹೊಲಿದು ನಿಮ್ಮ ಮನೆಗೆ ಕಳಿಸಿದ್ದೇನೆ. ಅಳತೆಯನ್ನು ದೊಡ್ಡಮ್ಮ ನೂಲಿನಲ್ಲಿ ತಂದುಕೊಟ್ಟರು. ಅದು ಬೆನ್ನ ಕಡೆ ತೆರೆಯುತ್ತದೆ. ಸೆಟೆದ ತೋಳನ್ನು ತೂರಿಸಲು ಹೆಣಗಬೇಕಾಗಿಲ್ಲ, ಮುಂದಿನಿಂದ ಹಾಕಿದರೆ ಆಯಿತು.

ಎರಡು ದಿನ ರಜೆ ಹಾಕಿ ಬನ್ನಿ. ಶನಿವಾರದ ಸಭೆಗೆ ಬನ್ನಿ. ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡಿದರೂ ಪರವಾಗಿಲ್ಲ.

ಟೈಲರ್


ಏಪ್ರಿಲ್ ೪

ಟೈಲರ್ ಅಣ್ಣನಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಮನೆಗೆ ಹೋದೆ. ಮೊದಲು ಮಾತಾಡಿಸಿದೆ, ಮಂಡಿ ಮಡಚಿದೆ, ಕಾದೆ. ಎತ್ತಿಕೊಂಡರೆ ಅಳಲೇ ಇಲ್ಲ. ನಿಮ್ಮ ಅಂಗಿ ಹಾಕಿದೆ, ಅಳತೆ ಸರಿಯಾಗಿದೆ. ಗುಂಡಿ ಹಾಕುವಾಗ ನನ್ನ ಮುಖ ನೋಡಿ ನಕ್ಕ. ಇವಳಿಗೆ ತುಂಬಾ ಸಂತೋಷವಾಯಿತು.

ಇನ್ನೊಂದು ವಿಷಯ. ದೂರದ ಓಟ ಸಾಕು ಅಂತ ಮಾಲೀಕರಿಗೆ ಹೇಳಿದೆ. ಈಗ ಊರಿನ ಸುತ್ತಮುತ್ತಲೇ ಗಾಡಿ. ದಿನಾ ಮನೆಗೆ ಬರುತ್ತೇನೆ. ಇನ್ನು ನೀವು ನನ್ನ ಬಗ್ಗೆ ಯೋಚನೆ ಮಾಡಬೇಕಾಗಿಲ್ಲ. ನಿಮ್ಮಂಥವರ ಸಮಯ ನನ್ನಂಥವನಿಗೆ ಹಾಳಾಗಬಾರದು. ಬೇರೆ ಹೊಸ ಅಪ್ಪಂದಿರು ಇದ್ದಾರಲ್ಲ, ಅವರಿಗೆ ಬರೆಯಿರಿ.

ಬರೆಯಲೇಬೇಕು ಅನ್ನಿಸಿದರೆ ಇದೇ ಆಫೀಸಿನ ವಿಳಾಸಕ್ಕೇ ಬರೆಯಿರಿ. ಇಲ್ಲಿಂದ ನನಗೆ ತಲುಪಿಸುತ್ತಾರೆ.

ಡ್ರೈವರ್


ಏಪ್ರಿಲ್ ೧೩

ತಮ್ಮಾ,

ನೀನು ಅಣ್ಣ ಅಂದ ಮೇಲೆ ಇನ್ನು ಸಾಹೇಬರೂ ಬೇಡ, ನೀವೂ ಬೇಡ.

ನಿನ್ನ ಕಾಗದ ಬಂದಾಗ ಒಂದು ಕೋಟು ಕತ್ತರಿಸುತ್ತಿದ್ದೆ. ಕತ್ತರಿ ಕೆಳಗಿಟ್ಟು ಓದಿದೆ, ಆಮೇಲೆ ಇವಳನ್ನು ಕೂಗಿ ಓದಿ ಹೇಳಿದೆ. ನಿನ್ನೆ ಶನಿವಾರ. ತಡೆಯಲಾರದೆ ಸಭೆಗೂ ತೆಗೆದುಕೊಂಡು ಹೋದೆ. "ಎತ್ತಿಕೊಂಡರೆ ಅಳಲೇ ಇಲ್ಲ" ಅನ್ನುವ ಕಡೆ ಬಂದಾಗ ಒಬ್ಬ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಗಂಡನೂ ಹೀಗೇ ಊರೂರು ಅಲೆಯುವವನು. ಮೇಡಂ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. "ಒಬ್ಬ ಅಪ್ಪ ಮನೆಗೆ ಬಂದರು ಅಂದ್ರೆ ನಮ್ಮ ಒಂದು ವರ್ಷದ ಕೆಲಸ ಸಾರ್ಥಕ" ಅಂದರು. ನೀನು ಈಗ ದಿನಾ ಮನೆಗೆ ಬರುತ್ತೀಯ ಅಂತಲೂ ನಾನೇ ಒತ್ತಿ ಹೇಳಿದೆ. ನಿನ್ನ ಹೆಂಡತಿ ನಿನ್ನೆ ಬಂದಿರಲಿಲ್ಲ. ಇದ್ದಿದ್ದರೆ ಎಷ್ಟು ಹೆಮ್ಮೆಪಡುತ್ತಿದ್ದಳೋ.

ಬೇರೆಯವರಿಗೆ ಬರೆಯಿರಿ ಅಂತ ಬರೆದಿದ್ದೀಯ. ಬರೆಯುತ್ತೇನೆ. ಆದರೆ ನಿನ್ನನ್ನು ಬಿಡುವುದಿಲ್ಲ.

ನನಗೆ ಬೆನ್ನು ಸ್ವಲ್ಪ ಹಿಡಿದುಕೊಂಡಿದೆ. ಟೈಲರಿಗೆ ಬೆನ್ನು, ಡ್ರೈವರಿಗೆ ಮಂಡಿ. ಕೂತು ದುಡಿಯುವ ಕೆಲಸಕ್ಕೆ ಕೊಡುವ ಬಾಡಿಗೆ ಅದು.

ಟೈಲರ್ ಅಣ್ಣ


ಮೇ ೬

ಅಣ್ಣ,

ನನ್ನ ಕಾಗದಗಳನ್ನು ಸಭೆಯಲ್ಲಿ ಓದಬೇಡಿ. ನಿಮಗೊಬ್ಬರಿಗೆ ಬರೆದದ್ದು ಅದು.

ಇನ್ನೇನಿಲ್ಲ. ನಾಳೆ ಗಾಡಿ ಹೊರಡುತ್ತದೆ. ಇಲ್ಲೇ ಸುತ್ತಮುತ್ತ.

ಡ್ರೈವರ್


ಮೇ ೨೦

ತಮ್ಮಾ,

ತಪ್ಪಾಯಿತು, ಇನ್ನು ಓದುವುದಿಲ್ಲ.

ಒಂದು ಸುದ್ದಿ ಹೇಳಬೇಕು. ಈ ತಿಂಗಳಿಂದ ದೊಡ್ಡಮ್ಮ ಬೆಳಗ್ಗೆ ನಮ್ಮ ಮನೆಗೆ ಬರುತ್ತಿದ್ದಾರೆ. ನಾನೇನೂ ಕೇಳಿರಲಿಲ್ಲ. ನಮ್ಮವಳಿಗೂ ವಯಸ್ಸಾಯಿತು ಅಂತ ಮೇಡಂ ತಾವಾಗಿಯೇ ಕಳಿಸಿದರು. ನೀನು ಈಗ ದಿನಾ ಮನೆಯಲ್ಲಿರುವುದರಿಂದ ನಿಮ್ಮಲ್ಲಿ ಎರಡು ಜೊತೆ ಕೈ ಆಯಿತಲ್ಲ, ಹಾಗಾಗಿ ಅವರನ್ನು ಅಲ್ಲಿಂದ ಬಿಡಿಸಿ ಇಲ್ಲಿಗೆ ಹಾಕಿದ್ದಾರೆ. ಗೊತ್ತಾದಾಗ ನನಗೆ ಸಂಕೋಚವಾಯಿತು. ನಿನ್ನ ಹೆಂಡತಿ "ಆಗಲಿ" ಅಂದಳಂತೆ.

ದೊಡ್ಡಮ್ಮ ನಮ್ಮ ದೊರೆಯ ತಲೆ ಒರೆಸುತ್ತಾ ನಿನ್ನ ಗುಬ್ಬಿಯ ಸುದ್ದಿಯನ್ನೇ ಹೇಳುತ್ತಾರೆ. ಲೋಟದ ಮೇಲೆ ಚಮಚ ತಟ್ಟಿದರೆ ಕಿಲಕಿಲ ಅನ್ನುತ್ತಾನಂತೆ. ಹಾಲು ಕುಡಿಯುವಾಗ ಒಂದು ಕಣ್ಣು ಮುಚ್ಚುತ್ತಾನಂತೆ. "ಅವರಪ್ಪ ಹೇಗಿದ್ದಾರೆ?" ಅಂತ ಕೇಳಿದೆ. ನಿನ್ನನ್ನು ನೋಡಿದ ನೆನಪಿಲ್ಲ ಅಂದರು. ಅವರು ಬರುವ ಹೊತ್ತಿಗೆ ನೀನು ಕೆಲಸಕ್ಕೆ ಹೊರಟಿರುತ್ತಿದ್ದೆ. ಅಲ್ಲವೇ?

ಅಲ್ಲವೇ ಅನ್ನುವುದಕ್ಕೆ ಒಂದು ಸಾಲು ಬರೆ.

ಟೈಲರ್ ಅಣ್ಣ


ಜೂನ್ ೧೦

ತಮ್ಮಾ,

ನಿನ್ನ ಉತ್ತರ ಬಂದಿಲ್ಲ. ಕೆಲಸ ಜಾಸ್ತಿ ಇರಬೇಕು. ಮನೆಯಲ್ಲಿರುವವನಿಗೆ ಕಾಗದ ಬರೆಯಲು ಎಲ್ಲಿ ಪುರುಸೊತ್ತು? ಮೌನವೇ ಸಮ್ಮತಿ ಅಂದುಕೊಂಡಿದ್ದೇನೆ.

ಇಲ್ಲಿ ದೊರೆ ಆರಾಮ. ನಿನ್ನೆ ಅಂಗಡಿಗೆ ಬಂದ ಮೇಷ್ಟ್ರು ಅವನ ಆರೋಗ್ಯ ವಿಚಾರಿಸಿದರು.

ಟೈಲರ್ ಅಣ್ಣ


ಜೂನ್ ೨೭

ಟೈಲರ್ ಅವರಿಗೆ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾನು ಇಲ್ಲಿದ್ದೇನೆ, ಈ ಸಲ ಸುಳ್ಳಲ್ಲ. ದೂರದ ಲೋಡು ಇಳಿಸಿ ಆಫೀಸಿಗೆ ಬಂದ ದಿನ ನಿಮ್ಮ ಎರಡು ಕಾಗದ ಒಟ್ಟಿಗೆ ಸಿಕ್ಕವು. ಅವನ್ನು ಓದಿ ಮುಗಿಸುವ ಮೊದಲೇ ನಮ್ಮ ಪಕ್ಕದ ಮನೆಯವರ ಫೋನು ಬಂತು.

ಗುಬ್ಬಿಯ ತೊಡೆ ಮೂಳೆ ಮುರಿದಿದೆ.

ನಮ್ಮ ಮನೆಯೂ ಮಹಡಿ ಮೇಲೆ, ನೀರಿನ ನಲ್ಲಿ ಕೆಳಗೆ ಇರುವುದು. ನೀರು ಬರುವ ಹೊತ್ತು ಬೆಳಗ್ಗೆ. ದೊಡ್ಡಮ್ಮ ಇದ್ದಾಗ ಅವರು ಮಗುವಿನ ಹತ್ತಿರ ಕೂರುತ್ತಿದ್ದರು, ಇವಳು ಇಳಿದು ನೀರು ತರುತ್ತಿದ್ದಳು. ಅವರು ಬರುವುದು ನಿಂತ ಮೇಲೆ ಮಂಚದ ಅಂಚಿಗೆ ದಿಂಬು ಸಾಲಾಗಿಟ್ಟು ಹೋಗುತ್ತಿದ್ದಳು. ಒಂದು ದಿನ ಅವನು ಸೆಟೆದುಕೊಂಡು ದಿಂಬಿನ ಸಮೇತ ಕೆಳಗೆ ಜಾರಿದ್ದಾನೆ. ಇವಳು ಕೊಡ ಅಲ್ಲೇ ಬಿಟ್ಟು ಓಡಿ ಬಂದು ಎತ್ತಿಕೊಂಡಳು. ನೋವು ಎಲ್ಲಿ ಅಂತ ಹೇಳಲು ಅವನಿಗೆ ಮಾತಿಲ್ಲ. ಹೊಟ್ಟೆನೋವು ಅಂದುಕೊಂಡು ಹೊಟ್ಟೆ ನೀವಿದಳು. ಮಾರನೆಯ ದಿನ ತೊಡೆ ಊದಿದ ಮೇಲೆ ಗೊತ್ತಾಯಿತು. ಅಷ್ಟು ಹೊತ್ತು ಮಗು ಮುರಿದ ಮೂಳೆ ಇಟ್ಟುಕೊಂಡು ಅತ್ತಿದೆ.

ನಾನು ಬಂದು ನಿಂತಾಗ ಡಾಕ್ಟರು ಇವಳನ್ನು ಕೇಳುತ್ತಿದ್ದರು, "ಏನಮ್ಮಾ, ಮನೇಲಿ ಇನ್ಯಾರೂ ಇರ್ಲಿಲ್ವಾ?" ಇವಳು ನನ್ನ ಕಡೆ ತಿರುಗಿಯೂ ನೋಡದೆ, "ಇವರಿದ್ರು. ಇವರು ಮನೇಲೇ ಇರ್ತಾರೆ" ಅಂದಳು. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಕೇಳಿದೆ, ಯಾಕೆ ಹಾಗೆ ಹೇಳಿದೆ ಅಂತ. ಕೇಂದ್ರದವರು ಬಂದು "ನಿಮ್ಮ ಯಜಮಾನ್ರು ಈಗ ಮನೇಲಿದಾರಂತಲ್ಲಮ್ಮಾ" ಅಂದಾಗ, ಇಲ್ಲ ಅಂದರೆ ನನ್ನ ಮರ್ಯಾದೆ ಹೋಗುತ್ತದೆ ಅಂತ ಹೂಂ ಅಂದಳಂತೆ. ಒಂದು ಸಲ ಹೂಂ ಅಂದ ಮೇಲೆ ಎಲ್ಲರಿಗೂ ಅದನ್ನೇ ಹೇಳಬೇಕಾಯಿತಂತೆ.

ಸುಳ್ಳು ಬರೆದವನು ನಾನು, ಒಪ್ಪಿಕೊಂಡೆ. ನಾನು ಮನೆಗೆ ಹೋಗಿರಲೇ ಇಲ್ಲ. ನಿಮ್ಮ ಮೆರವಣಿಗೆಯ ಕಥೆ ಓದಿ ನಾಚಿಕೆಯಾಗಿ ಏನೋ ಗೀಚಿದೆ. ನಿಮ್ಮ ಬಾಯಿ ಮುಚ್ಚಿಸಲು ಬರೆದದ್ದು ಅದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರು ನೀವು. ಒಂದು ಸಲ ವಿಚಾರಿಸಬಾರದಿತ್ತೇ? ನಿಮಗೆ ದೊಡ್ಡಮ್ಮ ಬೇಕಾಗಿದ್ದರು, ಅದಕ್ಕೇ ವಿಚಾರಿಸಲಿಲ್ಲ. ಅದಕ್ಕೇ "ಅಲ್ಲವೇ" ಅಂತ ಕೇಳಿ ಸುಮ್ಮನಾದಿರಿ.

ನನಗೆ ಇನ್ನು ಬರೆಯಬೇಡಿ.


ಜುಲೈ ೩

ತಮ್ಮಾ,

ಬರೆಯಬೇಡಿ ಅಂದಿದ್ದೀಯ. ಇದೊಂದನ್ನು ಓದು, ಆಮೇಲೆ ಹರಿದು ಹಾಕು.

ನೀನು ಬರೆದದ್ದು ಒಂದಕ್ಷರ ಬಿಡದೆ ನಿಜ.

ದೊರೆ ಕಳೆದ ಚಳಿಗಾಲದಿಂದ ಅಂಗಡಿಗೆ ಬಂದಿಲ್ಲ. ಅವನ ಮೈ ಬೆಳೆಯಿತು, ನನ್ನ ಬೆನ್ನು ಬಿತ್ತು. ಒಂದು ದಿನ ಇಳಿಸುವಾಗ ಮೆಟ್ಟಿಲ ಮೇಲೆ ನನ್ನ ಕಾಲು ತಪ್ಪಿತು. ಇವಳು ಕೆಳಗಿನಿಂದ ತಡೆಯದಿದ್ದರೆ ಇಬ್ಬರೂ ಉರುಳುತ್ತಿದ್ದೆವು. ಅವತ್ತಿನಿಂದ ಅವನು ಮೇಲಿನ ಕೋಣೆಯಲ್ಲೇ ಇದ್ದಾನೆ. ಹೊದಿಕೆಯ ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ಮಗ್ಗುಲು ಬದಲಿಸುತ್ತೇವೆ. ಕೆಳಗೆ ನನ್ನ ಮಿಷನ್ ಸದ್ದು ಕೇಳಿಸಿಕೊಂಡು ಮಲಗಿರುತ್ತಾನೆ. ಸದ್ದು ನಿಂತರೆ ಕೂಗುತ್ತಾನೆ. ಹಾಗಾಗಿ ಹೊಲಿಯಲು ಬಟ್ಟೆ ಇಲ್ಲದಿದ್ದರೂ ಪೆಡಲ್ ತುಳಿಯುತ್ತೇನೆ. ಅವನ ಕುರ್ಚಿಯ ಮೇಲೆ ಈಗ ಬಟ್ಟೆಯ ಗಂಟು ಇಟ್ಟಿದ್ದೇನೆ. ದೊರೆ ಎಲ್ಲಿ ಅಂತ ಕೇಳಿದವರಿಗೆಲ್ಲ "ನಿದ್ದೆ ಮಾಡ್ತಿದಾನೆ" ಅನ್ನುತ್ತೇನೆ.

ನಿನಗೆ ಮೆರವಣಿಗೆಯ ಕಥೆ ಬರೆದಾಗಲೂ ಹೀಗೇ ಇತ್ತು. ಹೊಸ ಅಪ್ಪಂದಿರಿಗೆ ತೋರಿಸುವ ಬೊಂಬೆ ನಾನು. ಬೊಂಬೆಗೆ ಬೆನ್ನುನೋವು ಬರಬಾರದಲ್ಲ. ದೊಡ್ಡಮ್ಮನನ್ನು ಮೇಡಂ ತಾವಾಗಿ ಕಳಿಸಿದರು ಅಂದದ್ದು ಸುಳ್ಳು. ನಾನೇ ಬೇಡಿಕೊಂಡಿದ್ದೆ, ಯಾರಿಗೂ ಹೇಳಬೇಡಿ ಅಂದಿದ್ದೆ. ಅವರು ಯಾವ ಮನೆಯಿಂದ ಬಿಡುವಾದರೆ ನಮಗೆ ಬರುತ್ತಾರೋ ಅಂತ ಕಾಯುತ್ತಿದ್ದೆ. ನಿನ್ನ ಕಾಗದವನ್ನು ಸಭೆಯಲ್ಲಿ ಓದುವಾಗ ಈ ಯೋಚನೆ ನನ್ನ ತಲೆಯಲ್ಲಿ ಇರಲಿಲ್ಲ ಅಂತ ಹೇಳಬಲ್ಲೆ. ಆದರೆ ಆಣೆ ಮಾಡು ಅಂದರೆ ನಾಲಿಗೆ ತಡವರಿಸುತ್ತದೆ.

ಗುಂಡಿ ಹಾಕುವಾಗ ನಕ್ಕ ಅಂತ ಬರೆದಿದ್ದೆ. ಆ ಅಂಗಿಗೆ ನಾನು ಗುಂಡಿಯೇ ಇಟ್ಟಿರಲಿಲ್ಲ. ಮಲಗಿದಾಗ ಬೆನ್ನಿಗೆ ಒತ್ತಬಾರದು ಅಂತ ಬಟ್ಟೆಯ ಲಾಡಿ ಇಟ್ಟಿದ್ದೆ. ಹೊಲಿದವನಿಗೆ ಅದು ತಿಳಿಯದೇ ಇರುತ್ತದೆಯೇ? ಓದಿದ ತಕ್ಷಣ ಮನಸ್ಸಿಗೆ ಚುಚ್ಚಿತು. ನಿನ್ನ ಹೆಂಡತಿ ಲಾಡಿ ತೆಗೆದು ಗುಂಡಿ ಹೊಲಿದಿರಬೇಕು ಅಂತ ಸಮಾಧಾನ ಹೇಳಿಕೊಂಡೆ.

"ಅಲ್ಲವೇ" ಅಂತ ಬರೆದ ಕಾಗದವನ್ನು ಅಂಚೆಗೆ ಹಾಕಿದ ಮರುದಿನ ದೊಡ್ಡಮ್ಮನನ್ನು ಬಾಯಿಬಿಟ್ಟು ಕೇಳಿದೆ. "ಆ ಮನೇಲಿ ಗಂಡಸಿನ ಚಪ್ಪಲೀನೇ ನೋಡಿಲ್ಲಪ್ಪ ನಾನು" ಅಂದರು. ಅವತ್ತೇ ಮೇಡಂ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಬೆಳಗ್ಗೆ ಹೊದಿಕೆಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಸಿಕ್ಕಿದ್ದರು, ನನ್ನ ಹೆಂಡತಿ ಎಷ್ಟೋ ಕಾಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ತಳ್ಳಿದೆ. ಮೌನವೇ ಸಮ್ಮತಿ ಅಂತ ಬರೆದೆನಲ್ಲ, ಅದು ಎಲ್ಲ ಗೊತ್ತಿದ್ದೂ ಬರೆದದ್ದು.

ಈಗ ಮೇಡಂಗೆ ನನ್ನದು, ನಿನ್ನದು ಎರಡನ್ನೂ ಹೇಳಿಬಂದಿದ್ದೇನೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೋಮವಾರದಿಂದ ದೊಡ್ಡಮ್ಮ ನಿಮ್ಮ ಮನೆಗೆ ಬರುತ್ತಾರೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಮಗುವಿನ ಕಾಲು ಹೇಗಿದೆ ಅಂತ ಯಾರ ಕೈಲಾದರೂ ಹೇಳಿಕಳಿಸು.

ಟೈಲರ್


ಜುಲೈ ೧೯

ಅಣ್ಣ,

ಕಾಗದ ಹರಿಯಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ಸೊಂಟದವರೆಗೂ. ಮೂಳೆ ಕೂಡುತ್ತದೆ, ಆದರೆ ಆ ಕಾಲು ಸ್ವಲ್ಪ ಗಿಡ್ಡ ಉಳಿಯಬಹುದು ಅಂದರು. ನಡೆಯದ ಮಗುವಿಗೆ ಅದರಿಂದ ಏನಾಗಬೇಕು ಅಂತ ಒಬ್ಬ ಕಾಂಪೌಂಡರ್ ಅಂದ. ಅವನ ಕೊರಳಪಟ್ಟಿ ಹಿಡಿದಿದ್ದೆ, ಇವಳು ಬಿಡಿಸಿದಳು.

ಲಾರಿ ಬಿಟ್ಟೆ. ನಮ್ಮ ಬೀದಿಯ ಹಿಂದಿನ ಗೋಡೌನಿನಲ್ಲಿ ಮಧ್ಯಾಹ್ನದಿಂದ ಮೂಟೆ ಇಳಿಸುವ ಕೆಲಸ ಸಿಕ್ಕಿದೆ.

ಸೋಮವಾರ ದೊಡ್ಡಮ್ಮ ಬಂದರು. ನಾನು ಬಾಗಿಲಲ್ಲೇ ನಿಂತು, "ಈಗ ನಾನಿದೀನಿ ದೊಡ್ಡಮ್ಮ, ನೀವು ಟೈಲರ್ ಅಣ್ಣನ ಮನೆಗೇ ಹೋಗಿ" ಅಂದೆ. ದೊಡ್ಡ ಮನುಷ್ಯನ ಹಾಗೆ. ಅವರು ಮೆಟ್ಟಿಲು ಇಳಿಯುತ್ತಿದ್ದರು. ಇವಳು ಒದ್ದೆ ಕೈಯಲ್ಲೇ ಓಡಿ ಬಂದು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ನನಗೆ ಹೇಳಿದಳು, "ಅವರನ್ನ ವಾಪಸ್ ಕಳ್ಸೋಕೆ ನೀವ್ಯಾರ್ರೀ? ನೀವು ಇನ್ನೆಷ್ಟು ದಿನ ಇರ್ತೀರೋ ನನಗೆ ಗೊತ್ತಾ?"

ಇಷ್ಟು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಅದೇ ಮೊದಲು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಗುಬ್ಬಿ ನಾನು ಹತ್ತಿರ ಹೋದರೆ ಈಗಲೂ ಕಿರುಚುತ್ತಾನೆ. ಪ್ಲಾಸ್ಟರಿನ ಭಾರದಲ್ಲಿ ಸೆಟೆಯಲೂ ಆಗದೆ ಕಣ್ಣು ಮಾತ್ರ ದೊಡ್ಡದು ಮಾಡುತ್ತಾನೆ. ಅದನ್ನು ನೋಡಲಾರೆ ಅಣ್ಣ. ಮೊದಲಾಗಿದ್ದರೆ ಗಾಡಿ ಹತ್ತಿ ಹೋಗಿಬಿಡುತ್ತಿದ್ದೆ. ಈಗ ಬಾಗಿಲ ಹೊರಗೆ ಹೋಗಿ ನಿಂತು ಮತ್ತೆ ಒಳಗೆ ಬರುತ್ತೇನೆ.

ಒಂದು ಮಾತು ಕೇಳಬೇಕು. ಬೆಳಗ್ಗೆ ದೊಡ್ಡಮ್ಮ ನಮ್ಮ ಮನೆಯಲ್ಲಿರುವ ಹೊತ್ತಿಗೆ ನನಗಲ್ಲಿ ಕೆಲಸವಿಲ್ಲ, ಅಡ್ಡ ಬರುತ್ತೇನೆ. ನಿಮ್ಮ ಹೊದಿಕೆಯ ಇನ್ನೊಂದು ತುದಿ ಈಗ ಖಾಲಿ ಇದೆ. ನಾನು ಮೂಟೆ ಹೊರುವವನು. ನಿಮ್ಮ ದೊರೆ ಎಷ್ಟು ತೂಗಿದರೂ ಮೆಟ್ಟಿಲು ಇಳಿಸಬಲ್ಲೆ. ಹಿಡಿಯುವುದು ಹೇಗೆ ಅಂತ ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಕಾಗದದಲ್ಲಿ ಓದಿ ನನಗೆ ಬರಲಿಲ್ಲ. ನನ್ನ ಮಗ ಹೆದರುತ್ತಾನೆ, ಅವನ ಮೇಲೆ ಕಲಿಯುವುದು ಬೇಡ.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ. ಕರೆದರೆ ಬರುತ್ತೇನೆ.

ಡ್ರೈವರ್ ಅಲ್ಲ ಈಗ, ಮೂಟೆಯವನು


ಜುಲೈ ೨೨

ತಮ್ಮಾ,

ಬಾ. ಸಿಟ್ಟನ್ನೂ ಜೊತೆಯಲ್ಲೇ ತಾ, ಇಡಲು ಜಾಗವಿದೆ.

ಬಸ್ ನಿಲ್ದಾಣದ ಹಿಂದಿನ ಓಣಿ, ಮೂರನೆಯ ಅಂಗಡಿ. ಮಿಷನ್ ಸದ್ದು ಕೇಳುತ್ತದೆ. ನಿನ್ನ ಅತ್ತಿಗೆ ನೀನು ಬರುವ ಸುದ್ದಿ ಕೇಳಿ ಕುರ್ಚಿಯ ಮೇಲಿನ ಬಟ್ಟೆ ಗಂಟು ತೆಗೆದು ಕುರ್ಚಿ ತೊಳೆದಿಟ್ಟಿದ್ದಾಳೆ. ದೊರೆಗೆ ಹೇಳಿದೆ. ಅರ್ಥವಾಯಿತೋ ಇಲ್ಲವೋ, ಇಡೀ ಮಧ್ಯಾಹ್ನ ಮಲಗಲಿಲ್ಲ.

ಟೈಲರ್ ಅಣ್ಣ


ನವೆಂಬರ್ ೮

ಅಣ್ಣ,

ದಿನಾ ಬೆಳಗ್ಗೆ ನಿಮ್ಮ ಮುಖ ನೋಡುತ್ತೇನೆ. ಆದರೂ ಇದನ್ನು ಬಾಯಲ್ಲಿ ಹೇಳಲು ಹೋದರೆ ಬೇರೇನೋ ಮಾತಾಡಿ ಬಂದುಬಿಡುತ್ತೇನೆ. ಬರೆದು ದೊಡ್ಡಮ್ಮನ ಕೈಲಿ ಕೊಟ್ಟಿದ್ದೇನೆ.

ಪ್ಲಾಸ್ಟರ್ ತೆಗೆದ ಮೇಲಿನದು ನಿಮಗೆ ಗೊತ್ತೇ ಇದೆ. ಕಾಲು ಗಿಡ್ಡವೇ ಆಯಿತು. ಅದನ್ನು ನೋಡಿದಾಗಲೆಲ್ಲ ನಾನು ಬರೆದ ಸುಳ್ಳು ನೆನಪಾಗುತ್ತದೆ. ಅದು ಹೋಗುವುದಿಲ್ಲ, ಹೋಗುವುದೂ ಬೇಡ. ಸಂಜೆ ಗೋಡೌನಿನಿಂದ ಬಂದು ಅವನ ಮಂಚದ ಪಕ್ಕ ಕೂತು ಮಾತಾಡುತ್ತೇನೆ. ಟೈರಿನ ಕಥೆ ಮುಗಿದು ಈಗ ಗೇರು, ಕ್ಲಚ್ಚು ನಡೆಯುತ್ತಿದೆ. ಕಿರುಚುವುದು ನಿಲ್ಲಿಸಿ ಬಹಳ ದಿನವಾಯಿತು. ಹೋದ ವಾರ ಮಂಡಿ ಮಡಚಿ, ತೋಳು ಎದೆಗೆ ತಂದು ಕಾದೆ. ನಿಮ್ಮ ದೊರೆ ನನಗೆ ಕಲಿಸಿದ ಹಾಗೇ. ಎತ್ತಿಕೊಂಡೆ. ಅತ್ತ. ಅಳಲಿಲ್ಲ ಅಂತ ಬರೆದು ಮತ್ತೆ ಸುಳ್ಳಾಡಲಾರೆ. ಅತ್ತ, ಆಮೇಲೆ ನನ್ನ ಭುಜದ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿದ. ಇವಳು ಅಡುಗೆಮನೆಯಿಂದ ನೋಡಿದಳು, ಏನೂ ಅನ್ನಲಿಲ್ಲ.

ಇವತ್ತು ಅಂದಳು. ನಾಳೆ ಅವಳ ಅಕ್ಕನ ಮನೆಗೆ ಹೋಗಿಬರಬೇಕಂತೆ. ಗುಬ್ಬಿ ಹುಟ್ಟಿದ ಮೇಲೆ ಅವಳು ಎಲ್ಲಿಗೂ ಹೋಗಿಲ್ಲ. ಬೆಳಗ್ಗೆ ಹೋದರೆ ಸಂಜೆಗೆ ಬರುತ್ತಾಳೆ. ನಾನು ಗಾಬರಿಯಾಗಿ, "ಹಾಗಾದ್ರೆ ದೊಡ್ಡಮ್ಮಂಗೆ ಇಡೀ ದಿನ ಇರೋಕೆ ಹೇಳ್ತೀನಿ" ಅಂದೆ. ಅವಳು ಸೀರೆ ಮಡಚುತ್ತಾ, "ದೊಡ್ಡಮ್ಮ ನಾಳೆ ಟೈಲರ್ ಅಣ್ಣನ ಮನೆಗೆ ಹೋಗ್ತಾರೆ, ನಾನೇ ಹೇಳಿದೀನಿ. ಇಲ್ಲಿ ನೀವಿದೀರಲ್ಲ" ಅಂದಳು.

ನನಗೆ ಭಯವಾಗುತ್ತಿದೆ. ಹಾಲು ಕುಡಿಸುವಾಗ ತಲೆ ಎಷ್ಟು ಬಾಗಿಸಬೇಕು ಅಂತ ಅವಳನ್ನು ಮೂರು ಸಲ ಕೇಳಿದೆ. ಮೂರನೆಯ ಸಲ ನಕ್ಕಳು.

ಅದಕ್ಕೇ ನಾಳೆ ನಾನು ನಿಮ್ಮಲ್ಲಿಗೆ ಬರುವುದಿಲ್ಲ, ಅಣ್ಣ.